ಅಶುದ್ಧವಾಸಕ: ದಂಡಿತನ ಮನೆಯ ವಿಷಯದಲ್ಲಿ ಸ್ಮೃತಿಯೂ ಕನ್ನಡ ಕಥೆಯೂ

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸ್ತೇಯಪ್ರಕರಣವೆಂಬದೊಂದು ಭಾಗವುಂಟು. ಕಳ್ಳನನ್ನು ಹಿಡಿಯತಕ್ಕ ಅಧಿಕಾರಿಗಳು ಯಾವ ಯಾವ ಕುರುಹುಗಳಿಂದ ಅವನನ್ನು ಗುರುತಿಸಬೇಕೆಂಬದನ್ನು ಅಲ್ಲಿ ಹೇಳಿದೆ. ಕದ್ದ ಒಡವೆ ಕೈಯಲ್ಲಿ ಸಿಕ್ಕುವದು ಒಂದು ಕುರುಹು. ಹೆಜ್ಜೆಯ ಜಾಡು ಇನ್ನೊಂದು. ಇವೆರಡೂ ಯಾರಿಗಾದರೂ ಒಪ್ಪಿಗೆಯಾಗತಕ್ಕವೇ. ಆದರೆ ಇವುಗಳ ಬೆನ್ನಿಗೇ ಸ್ಮೃತಿಕಾರನು ಮತ್ತಿಬ್ಬರನ್ನು ಹೆಸರಿಸುತ್ತಾನೆ. ಒಬ್ಬನು ಪೂರ್ವಕರ್ಮಾಪರಾಧಿ, ಎಂದರೆ ಹಿಂದೆಯೇ ಕಳವಿಗಾಗಿ ಹೆಸರಾದವನು. ಮತ್ತೊಬ್ಬನು ಅಶುದ್ಧವಾಸಕ. ಈ ಎರಡನೆಯ ಶಬ್ದವನ್ನು ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಬಿಡಿಸುವಾಗ, ಎಲ್ಲಿ ವಾಸಿಸುತ್ತಾನೆಂಬದು ತಿಳಿಯದವನು ಎಂಬ ಅರ್ಥವನ್ನು ಕೊಡುತ್ತಾನೆ. ಮುಂದಿನ ಶ್ಲೋಕದಲ್ಲಿ ಜಾತಿ ಹೆಸರು ಮೊದಲಾದವನ್ನು ಮರೆಮಾಡುವವರನ್ನೂ ಶಂಕೆಯಿಂದ ಹಿಡಿಯಬಹುದೆಂದಿದೆ.

ಈ ಮೂರು ಲಕ್ಷಣಗಳನ್ನು ಬೇರೆ ಬೇರೆಯಾಗಿ ಓದಿದರೆ ಒಂದೊಂದೂ ವಿವೇಕದ ಮಾತಾಗಿಯೇ ತೋರುವದು. ಒಟ್ಟಿಗೆ ಓದಿದಾಗ ಮಾತ್ರ ಅವುಗಳ ನಡುವೆ ಒಂದು ಸುಳಿ ಕಾಣಿಸುತ್ತದೆ. ಹಿಂದೆ ದಂಡಿತನಾದವನಿಗೆ ಊರೊಳಗೆ ಯಾರೂ ಮನೆ ಕೊಡಲಿಕ್ಕಿಲ್ಲ. ಮನೆ ದೊರೆಯದವನು ಗುಡಿಯ ಜಗಲಿಯಲ್ಲಿಯೋ ಹಾಳು ಛತ್ರದಲ್ಲಿಯೋ ಮಲಗುವನು. ಅಲ್ಲಿಗೆ ಅವನು ಅಶುದ್ಧವಾಸಕನಾದನು. ಹೇಗಾದರೂ ಮನೆ ಪಡೆಯಬೇಕೆಂದು ಹೆಸರನ್ನೂ ಜಾತಿಯನ್ನೂ ಮುಚ್ಚಿಟ್ಟರೆ ಮೂರನೆಯ ಲಕ್ಷಣವೂ ಅವನಲ್ಲಿ ಸೇರಿತು. ಹೀಗೆ ಮೊದಲನೆಯ ಕುರುಹು ಎರಡನೆಯದನ್ನೂ ಎರಡನೆಯದು ಮೂರನೆಯದನ್ನೂ ಹೆರುತ್ತದೆ. ಅವನು ಹೊಸದಾಗಿ ಏನನ್ನೂ ಕದಿಯಬೇಕಾದುದಿಲ್ಲ. ಸ್ಮೃತಿಕಾರನು ಈ ಸುಳಿಯನ್ನು ಉದ್ದೇಶಪೂರ್ವಕವಾಗಿ ಕಟ್ಟಿದನೆಂದು ಹೇಳಲಾಗದು. ಅವನು ತಲವಾರನ ಕಣ್ಣಿನಿಂದ ನೋಡಿ ಬರೆದನು. ತಲವಾರನಿಗೆ ಬೇಕಾದದ್ದು ಕುರುಹು, ಕಾರಣವಲ್ಲ.

ದಂಡವನ್ನನುಭವಿಸಿ ಹೊರಬಂದವನು ಎಲ್ಲಿ ಇರಬೇಕು ಎಂಬ ಪ್ರಶ್ನೆಯನ್ನು ಕನ್ನಡ ಸಾಹಿತ್ಯದ ವಿಮರ್ಶೆಯು ಕೇಳಿದ್ದು ತೀರ ಕಡಿಮೆ. ಕಳ್ಳನ ಪಶ್ಚಾತ್ತಾಪ, ಕಳ್ಳನ ವೈರಾಗ್ಯ, ಕಳ್ಳನ ಮುಕ್ತಿ ಇವುಗಳನ್ನು ಹೊಗಳಿದವರು ಬಹಳ ಜನ. ಅವನ ಮನೆಯ ಬಾಗಿಲು ಯಾವ ಕೇರಿಯಲ್ಲಿತ್ತು, ನೆರೆಯವರು ಅವನಿಗೆ ನೀರು ಬೆಂಕಿ ಕೊಟ್ಟರೋ ಇಲ್ಲವೋ ಎಂಬದು ರಸವಿಚಾರಕ್ಕೆ ಹೊರಗಿನದೆಂದು ಎಣಿಸಿದಂತಿದೆ. ಶಾಸ್ತ್ರವಾದರೋ ಅದನ್ನು ಹೊರಗಿನದೆಂದು ಬಗೆದಿಲ್ಲ. ಅಲ್ಲಿ ದಂಡ ಬೇರೆ, ಪ್ರಾಯಶ್ಚಿತ್ತ ಬೇರೆ, ಸಂವಾಸ ಬೇರೆ. ಸಂವಾಸವೆಂದರೆ ಕೂಡಿ ಇರುವದು, ಕೂಡಿ ವ್ಯವಹರಿಸುವದು. ಮೊದಲಿನ ಎರಡು ಮುಗಿದಮೇಲೆ ಮೂರನೆಯದು ತಾನಾಗಿ ಸಿದ್ಧಿಸುವದೆಂದು ಶಾಸ್ತ್ರಕಾರರು ನಂಬಿದವರಲ್ಲ. ಅದಕ್ಕೆ ಪ್ರತ್ಯೇಕವಾಗಿ ವಿಧಿಯನ್ನೇ ಮಾಡಿದರು.

ಆ ವಿಧಿಯು ಅದೇ ಯಾಜ್ಞವಲ್ಕ್ಯನ ಪ್ರಾಯಶ್ಚಿತ್ತಾಧ್ಯಾಯದಲ್ಲಿದೆ. ಪತಿತನಾದವನನ್ನು ಹೊರಹಾಕುವಾಗ ಅವನ ಬಾಂಧವರು ದಾಸಿಯಿಂದ ತರಿಸಿದ ನೀರಿನ ಕೊಡವನ್ನು ಊರ ಹೊರಗೆ ಚೆಲ್ಲಿ, ಅವನನ್ನು ಎಲ್ಲ ಕಾರ್ಯಗಳಿಂದ ಬಹಿಷ್ಕರಿಸಬೇಕು. ಅವನು ವ್ರತವನ್ನಾಚರಿಸಿ ಮರಳಿ ಬಂದರೆ ಅದೇ ಬಾಂಧವರು ಹೊಸ ಕೊಡವೊಂದನ್ನು ತುಂಬಿ ತರಬೇಕು. ಆಮೇಲೆ ಹೇಳಿರುವ ಮಾತು ಮುಖ್ಯವಾದದ್ದು: ಅವನ ವಿಷಯದಲ್ಲಿ ಜುಗುಪ್ಸೆಪಡಲಾಗದು, ಅವನೊಡನೆ ಸರ್ವಪ್ರಕಾರದಿಂದಲೂ ಸಂವಾಸ ಮಾಡತಕ್ಕದ್ದು. ಜುಗುಪ್ಸೆಯ ನಿಷೇಧವೂ ಸಂವಾಸದ ವಿಧಿಯೂ ಒಂದೇ ವಾಕ್ಯದಲ್ಲಿ ಕೂಡಿಬಂದಿರುವದನ್ನು ಲಕ್ಷಿಸಬೇಕು. ಮನಸ್ಸಿನಲ್ಲಿ ಕ್ಷಮಿಸಿ ಬಾಗಿಲನ್ನು ಮಾತ್ರ ಮುಚ್ಚಿಕೊಳ್ಳುವ ಉಪಾಯಕ್ಕೆ ಅಲ್ಲಿ ಎಡೆಯಿಲ್ಲ. ಮನುವು ಹನ್ನೊಂದನೆಯ ಅಧ್ಯಾಯದಲ್ಲಿ ಇದೇ ಅರ್ಥವನ್ನು ಹೇಳುತ್ತಾನೆ: ಶುದ್ಧಿಯಾಗದ ಪಾಪಿಯೊಡನೆ ಯಾವ ವ್ಯವಹಾರವೂ ಬೇಡ, ಶುದ್ಧಿಮಾಡಿಕೊಂಡವನನ್ನು ಎಂದಿಗೂ ಹೀಗಳೆಯಬಾರದು.

ಇದಕ್ಕೆ ಅಪವಾದವೂ ಉಂಟು. ಅದನ್ನು ಮುಚ್ಚಿಡುವದು ಪಾಂಡಿತ್ಯಕ್ಕೆ ಶೋಭೆಯಲ್ಲ. ಶಿಶುಘಾತಕ, ಕೃತಘ್ನ, ಶರಣುಬಂದವನನ್ನು ಕೊಂದವನು, ಸ್ತ್ರೀಘಾತಕ ಇವರು ಧರ್ಮಾನುಸಾರ ಶುದ್ಧರಾದರೂ ಅವರೊಡನೆ ವಾಸ ಕೂಡದೆಂದು ಮನುವು ಮುಂದಿನ ಶ್ಲೋಕದಲ್ಲಿಯೇ ಹೇಳಿದ್ದಾನೆ. ಎಂದರೆ ನೆರೆಯವನ ಭಯಕ್ಕೂ ಶಾಸ್ತ್ರದಲ್ಲಿ ಸ್ಥಾನವಿದೆ. ಆದರೆ ಆ ಭಯಕ್ಕೆ ನಾಲ್ಕು ಹೆಸರುಗಳ ಎಲ್ಲೆಯನ್ನು ಹಾಕಿದೆ. ಆ ಪಟ್ಟಿಯಲ್ಲಿ ಕಳ್ಳನಿಲ್ಲವೆಂಬದು ಗಮನಾರ್ಹ. ಪತಿತೆಯರ ವಿಷಯದಲ್ಲಿ ಯಾಜ್ಞವಲ್ಕ್ಯನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ: ಅವರಿಗೂ ಮನೆಯ ಸಮೀಪದಲ್ಲಿ ವಾಸಸ್ಥಾನ, ಅನ್ನ, ವಸ್ತ್ರ, ರಕ್ಷಣೆ ಇವು ಸಲ್ಲಬೇಕು. ಕುಲದ ಮಾನರಕ್ಷಣೆಯೇ ಇದರ ಮೂಲವೆಂದು ಯಾರಾದರೂ ಹೇಳಬಹುದು. ಇರಲಿ, ಮೂಲವೇನಿದ್ದರೂ ಸೂರಿಲ್ಲದೆ ಬಿಡಲಾಗದೆಂಬ ನಿರ್ಣಯವು ನಿಂತಿದೆ.

ಇನ್ನು ಎದುರುಪಕ್ಷದ ಪ್ರಮಾಣಗಳನ್ನು ನೋಡಬೇಕು. ಕಳ್ಳನಿಗೆ ಅನ್ನ, ಅವಕಾಶ, ಬೆಂಕಿ, ನೀರು, ಆಲೋಚನೆ, ಸಾಧನ, ವೆಚ್ಚ ಇವುಗಳನ್ನು ತಿಳಿದೂ ತಿಳಿದೂ ಕೊಟ್ಟವನಿಗೆ ಉತ್ತಮಸಾಹಸದಂಡವೆಂದು ಯಾಜ್ಞವಲ್ಕ್ಯನು ವಿಧಿಸಿದ್ದಾನೆ. ಇಲ್ಲಿ ಅವಕಾಶವೆಂಬ ಶಬ್ದಕ್ಕೆ ಇರಲಿಕ್ಕೆ ಕೊಟ್ಟ ಎಡೆಯೆಂದೇ ಅರ್ಥ. ಮನೆ ಕೊಡದವರು ತಮ್ಮ ಪಕ್ಷಕ್ಕೆ ಈ ವಚನವನ್ನು ಮುಂದಿಡಬಹುದು. ಆದರೆ ಇದು ಕಳವಿನಲ್ಲಿ ತೊಡಗಿರುವವನಿಗೆ ಬೆಂಬಲವಾಗುವವರನ್ನು ಕುರಿತದ್ದು. ಸಾಧನ, ಆಲೋಚನೆ ಎಂಬ ಜತೆಯ ಶಬ್ದಗಳೇ ಇದಕ್ಕೆ ಸಾಕ್ಷಿ. ದಂಡ ತೆತ್ತು ಮುಗಿಸಿದವನಿಗೆ ಇದನ್ನು ಹೊಂದಿಸುವದು ಪ್ರಕರಣವನ್ನು ಮೀರಿದ ಅರ್ಥವಾಗುವದು. ಕೌಟಿಲ್ಯನ ಅರ್ಥಶಾಸ್ತ್ರವು ೧೯೦೯ರಲ್ಲಿ ಮೈಸೂರಿನ ಶಾಮಾಶಾಸ್ತ್ರಿಗಳಿಂದ ಅಚ್ಚಾಗಿ ಹೊರಬಂದಾಗ ದೊರೆತ ಹೊಸ ಸಾಮಗ್ರಿಯಲ್ಲಿ ನಾಗರಿಕಪ್ರಣಿಧಿಯೂ ಒಂದು. ಅಲ್ಲಿ ಛತ್ರದವನು ಪಾಷಂಡಿಗಳನ್ನೂ ದಾರಿಹೋಕರನ್ನೂ ಅಧಿಕಾರಿಗೆ ತಿಳಿಸಿಯೇ ಇಳಿಸಿಕೊಳ್ಳಬೇಕು. ಮನೆಯೊಡೆಯನು ಬಂದವರನ್ನೂ ಹೋದವರನ್ನೂ ನಿವೇದಿಸಬೇಕು. ತಪ್ಪಿದರೆ ಆ ರಾತ್ರಿ ನಡೆದ ದೋಷಕ್ಕೆ ಅವನೇ ಹೊಣೆ. ಬಾಡಿಗೆಗೆ ಬಂದವರ ವಿವರವನ್ನು ಪೋಲೀಸು ಠಾಣೆಗೆ ಕೊಡುವ ಇಂದಿನ ಪದ್ಧತಿಗೆ ಇದು ಅತಿ ಹಳೆಯ ಪೂರ್ವರೂಪವೆನ್ನಬಹುದು. ಆದರೂ ಕೌಟಿಲ್ಯನು ನಿವೇದಿಸಿರೆಂದನು, ಇಳಿಸಿಕೊಳ್ಳಬೇಡಿರೆನ್ನಲಿಲ್ಲ. ಎರಡಕ್ಕೂ ಇರುವ ಅಂತರವು ಅಲ್ಪವಲ್ಲ.

ಹಣೆಯ ಮೇಲಿನ ಮುದ್ರೆಯ ವಿಚಾರವೂ ಇಲ್ಲಿ ಬರತಕ್ಕದ್ದೇ. ಪ್ರಾಯಶ್ಚಿತ್ತಕ್ಕೆ ಒಪ್ಪದ ಮಹಾಪಾತಕಿಯ ಹಣೆಗೆ ಕಾಸಿದ ಮುದ್ರೆಯನ್ನೊತ್ತಬೇಕೆಂದೂ, ಸ್ತೇಯಕ್ಕೆ ನಾಯಿಯ ಹೆಜ್ಜೆಯ ಗುರುತೆಂದೂ ಮನುವಿನ ಒಂಬತ್ತನೆಯ ಅಧ್ಯಾಯವು ಹೇಳುತ್ತದೆ. ಮುದ್ರೆ ಬಿದ್ದವರು ಊಟ, ಅಧ್ಯಯನ, ಮದುವೆಗಳಿಗೆ ಹೊರಗಾಗಿ, ನಂಟರೂ ಕೈಬಿಟ್ಟು, ಭೂಮಿಯ ಮೇಲೆ ದೀನರಾಗಿ ಅಲೆಯತಕ್ಕವರು. ಇದು ಕ್ರೂರವೆಂಬದರಲ್ಲಿ ಸಂದೇಹವಿಲ್ಲ. ಆದರೆ ಒಡನೆಯೇ, ಪ್ರಾಯಶ್ಚಿತ್ತ ಮಾಡಿಕೊಂಡವರ ಹಣೆಗೆ ಮುದ್ರೆ ಬೇಡ, ಹಣದ ದಂಡ ಸಾಕು ಎಂದಿದೆ. ಮುದ್ರೆಗೂ ಶುದ್ಧಿಗೂ ಸಹವಾಸವಿಲ್ಲವೆಂಬ ತತ್ತ್ವವು ಆ ಕ್ರೂರವಾದ ಕಾನೂನಿನಲ್ಲಿಯೂ ಉಳಿಯಿತು. ಈ ತತ್ತ್ವವನ್ನು ಮುಂದೆ ಬೆಟಗೇರಿಯ ಪ್ರಸಂಗದಲ್ಲಿ ನೆನೆಯಬೇಕಾಗುವದು.

ಸ್ಮೃತಿಯ ಈ ಔದಾರ್ಯವನ್ನು ಎತ್ತಿ ಹಿಡಿಯುವಾಗ ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ಅದು ವಕಾಲತ್ತಾಗುವದೇ ಹೊರತು ವಿಮರ್ಶೆಯಾಗದು. ಹೊಸ ಕೊಡವನ್ನು ತರುವವರು ಯಾರು? ಬಾಂಧವರು. ತನ್ನ ಕುಲದವನು ಜಾರಿದರೆ ಎತ್ತಿಕೊಳ್ಳುವ ವಿಧಿಯಿದು. ಹುಟ್ಟಿನಿಂದಲೇ ಊರಾಚೆಯವರೆಂದು ಎಣಿಸಿದವರಿಗೆ ಮನುವಿನ ಹತ್ತನೆಯ ಅಧ್ಯಾಯವು ವಾಸವನ್ನೇ ಗ್ರಾಮದ ಹೊರಗೆ ಗೊತ್ತುಮಾಡಿದೆ. ಅವರು ಏನನ್ನೂ ಮಾಡದಿದ್ದರೂ ಹೊರಗೇ. ಏನು ಪ್ರಾಯಶ್ಚಿತ್ತ ಮಾಡಿಕೊಂಡರೂ ಒಳಗೆ ಬರುವ ಕೊಡವಿಲ್ಲ. ಒಂದೇ ಗ್ರಂಥದಲ್ಲಿ ಒಬ್ಬನಿಗೆ ಮರಳುವ ದಾರಿಯನ್ನು ಇಷ್ಟು ನಾಜೂಕಾಗಿ ಹಾಕಿ, ಮತ್ತೊಬ್ಬನಿಗೆ ದಾರಿಯೇ ಇಲ್ಲದಂತೆ ಮಾಡಿರುವದು ಕಾಣುತ್ತದೆ. ಸಂಸ್ಕೃತಪಾಠಶಾಲೆಗಳಲ್ಲಿ ಮೊದಲನೆಯದನ್ನು ವಿಸ್ತರಿಸಿ ಎರಡನೆಯದನ್ನು ಸರಸರನೆ ದಾಟಿಸುವ ವಾಡಿಕೆಯಿದೆ. ಅದರಿಂದ ಗ್ರಂಥಕ್ಕೂ ನ್ಯಾಯವಾಗದು, ವಿದ್ಯಾರ್ಥಿಗೂ ಪ್ರಯೋಜನವಾಗದು.

ಶಾಸ್ತ್ರವು ಹೀಗಿರಲು ನೆಲದ ನಡವಳಿಕೆಗೆ ಒಂದು ಪ್ರಮಾಣವು ಲಕ್ಷ್ಮೇಶ್ವರದಲ್ಲಿಯೇ ದೊರೆಯುತ್ತದೆ. ಪುಲಿಗೆರೆಯೆಂದು ಹಳಗನ್ನಡ ಕವಿಗಳಿಗೆ ಪ್ರಿಯವಾದ ಆ ಊರಿನ ಮಹಾಜನಗಳಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಬಾದಾಮಿಯ ಚಲುಕ್ಯರ ಯುವರಾಜ ವಿಕ್ರಮಾದಿತ್ಯನು ಕ್ರಿ. ಶ. ೭೨೫ರ ಸುಮಾರಿಗೆ ಹಾಕಿಕೊಟ್ಟ ಆಚಾರವ್ಯವಸ್ಥೆಯ ಶಾಸನವದು. ಬಾರ್ನೆಟ್ ಎಂಬ ವಿದ್ವಾಂಸನು ಅದನ್ನು ಎಪಿಗ್ರಾಫಿಯಾ ಇಂಡಿಕಾದ ೧೪ನೆಯ ಸಂಪುಟದಲ್ಲಿ ಪ್ರಕಟಿಸಿದನು. ಅವನ ಓದಿನಂತೆ, ಒಕ್ಕಲಿಲ್ಲದ ಮನೆಗಳನ್ನು ಅರಸನ ಅಧಿಕಾರಿಗಳು ಕಾಯಬೇಕು; ಮನೆಗಳ ತರತಮಕ್ಕೆ ತಕ್ಕಂತೆ ತೆರಿಗೆ ಸಲ್ಲಬೇಕು; ಕಳವು ಮೊದಲಾದ ತಪ್ಪುಗಳ ದಂಡವೂ ದಶಾಪರಾಧಗಳ ದಂಡವೂ ಕಾರ್ತಿಕಮಾಸದಲ್ಲಿ ಅಲ್ಲಿಯ ಶ್ರೇಣಿಗೆ ಸೇರಬೇಕು. ಕಳವಿನ ದಂಡವು ಊರ ಸಂಸ್ಥೆಗೆ ಪ್ರತಿವರ್ಷದ ಆದಾಯವಾಗಿ ಎಣಿಕೆಗೊಂಡಿದೆ ಎಂಬದರಿಂದ ಒಂದು ಊಹೆಗೆ ಎಡೆಯುಂಟು. ದಂಡ ತೆತ್ತವನು ಊರ ಲೆಕ್ಕದ ಒಳಗಿನವನಾಗಿಯೇ ಉಳಿದನು. ಅವನ ತಪ್ಪಿಗೆ ಬೆಲೆಯಿತ್ತು, ಆ ಬೆಲೆಗೆ ಒಂದು ತಿಂಗಳ ಗಡುವಿತ್ತು. ಇದಕ್ಕಿಂತ ಹೆಚ್ಚಿನದನ್ನು ಆ ಶಾಸನದಿಂದ ಹಿಂಡಿ ತೆಗೆಯುವದು ಸಾಹಸವಾಗುವದು.

ಇನ್ನು ಕಥೆಗೆ ಬರಬೇಕು. ಕನ್ನಡದಲ್ಲಿ ಕಳ್ಳನ ಕಥೆಯೆಂದರೆ ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯೇ ಮೊದಲು ನೆನಪಿಗೆ ಬರತಕ್ಕದ್ದು. ಡಿ. ಎಲ್. ನರಸಿಂಹಾಚಾರ್ಯರ ೧೯೪೯ರ ಆವೃತ್ತಿಯ ತರುವಾಯ ಈ ಗ್ರಂಥವು ಪಾಠಪಟ್ಟಿಗಳಲ್ಲಿ ನೆಲೆಯೂರಿತು. ರಾಜಪುತ್ರನಾದ ವಿದ್ಯುಚ್ಚೋರನೂ ತಳಾರನ ಮಗನಾದ ಯಮದಂಡನೂ ಕೂಡಿ ಕಲಿತವರು. ನೀನು ಕಾಯುವ ಊರಲ್ಲಿಯೇ ಕದಿಯುವೆನೆಂದು ಒಬ್ಬನು ಹೂಡಿದ ಹಟದಿಂದ ಕಥೆಯು ಬೆಳೆಯುತ್ತದೆ. ಮಿಥಿಲೆಯಲ್ಲಿ ಯಮದಂಡನು ತಳಾರನಾಗಿರಲು ವಿದ್ಯುಚ್ಚೋರನು ಅಲ್ಲಿಗೂ ಬಂದು, ಹಗಲಲ್ಲಿ ಹಾಳುದೇಗುಲದೊಳಗೆ ಕುಷ್ಠರೋಗಿಯಂತೆ ಬಿದ್ದುಕೊಂಡಿದ್ದು, ಇರುಳಲ್ಲಿ ತನ್ನ ವಿದ್ಯೆಯನ್ನು ತೋರಿಸಿ, ಅರಸನ ಹಾರವನ್ನೇ ಕದಿಯುತ್ತಾನೆ. ಹಿಡಿದ ಮೇಲೆ ನಾನಾ ಬಗೆಯ ಚಿತ್ರಹಿಂಸೆಗಳಿಗೂ ಬಾಯಿಬಿಡದೆ, ತರುವಾಯ ತಾನಾಗಿಯೇ ಕಳ್ಳನೆಂದು ಒಪ್ಪಿಕೊಳ್ಳುತ್ತಾನೆ. ಮುಂದೆ ತಪಸ್ಸು, ಉಪಸರ್ಗ, ಸದ್ಗತಿ.

ಈ ಕಥೆಯ ಹಾಳುದೇಗುಲದ ಭಾಗವು ಅಶುದ್ಧವಾಸಕನ ಲಕ್ಷಣಕ್ಕೆ ಬರೆದ ಚಿತ್ರದಂತಿದೆ. ಹೆಸರಿಲ್ಲ, ಮನೆಯಿಲ್ಲ, ರೂಪವೂ ತನ್ನದಲ್ಲ. ಯಾರೂ ಹತ್ತಿರ ಸುಳಿಯದಂತಹ ರೋಗಿಯ ವೇಷವೇ ಅವನಿಗೆ ಎಲ್ಲಕ್ಕಿಂತ ಭದ್ರವಾದ ಮನೆಯಾಯಿತು ಎಂಬಲ್ಲಿ ಕಥೆಗಾರನ ಲೋಕಜ್ಞಾನವು ಎದ್ದು ಕಾಣುತ್ತದೆ: ಜುಗುಪ್ಸೆಯು ಕಾವಲುಗಾರನ ಕಣ್ಣನ್ನು ಕಟ್ಟುತ್ತದೆ. ಪಾಠಹೇಳುವವರು ಸಾಮಾನ್ಯವಾಗಿ ಇದನ್ನು ಚೌರ್ಯಚಾತುರ್ಯವೆಂದು ಹೇಳಿ ಮುಂದುವರಿಯುತ್ತಾರೆ; ಇಲ್ಲಿ ನಿಲ್ಲುವದು ಲಾಭಕರ.

ಆದರೆ ಕಥೆಯ ಉತ್ತರಾರ್ಧದಲ್ಲಿ ಒಂದು ಜಾರಿಕೆಯಿದೆ. ಅಪರಾಧವನ್ನೊಪ್ಪಿದ ವಿದ್ಯುಚ್ಚೋರನು ಮಿಥಿಲೆಯ ಯಾವ ಬೀದಿಯಲ್ಲಿಯೂ ಮನೆ ಕೇಳುವದಿಲ್ಲ. ಅವನು ರಾಜಪುತ್ರನೆಂಬದು ತಿಳಿದೊಡನೆ ಪ್ರಶ್ನೆಯು ಕರಗುತ್ತದೆ, ಅವನಿಗೆ ಅರಮನೆಯಿದೆ. ಅರಮನೆಯನ್ನೂ ಬಿಟ್ಟಮೇಲೆ ಅವನು ಯತಿ. ಯತಿಗೆ ಮನೆಯೇ ಬೇಡ. ಕಳ್ಳನ ಶುದ್ಧಿಯನ್ನು ನಂಬಿಸಲು ಕಥೆಗಾರನು ಅವನನ್ನು ಒಮ್ಮೆ ಮನೆಗಿಂತ ಮೇಲಕ್ಕೂ ಇನ್ನೊಮ್ಮೆ ಮನೆಯಿಂದಾಚೆಗೂ ಎತ್ತಿಬಿಟ್ಟನು. ನಡುವಿನ ಸ್ಥಿತಿ, ಎಂದರೆ ಹೆಂಡತಿಮಕ್ಕಳನ್ನು ಕಟ್ಟಿಕೊಂಡು ನಾಲ್ಕು ಜನರ ನಡುವೆ ಒಲೆ ಹಚ್ಚಿ ಬದುಕಬೇಕಾದ ಮಾಜಿ ಕಳ್ಳನ ಸ್ಥಿತಿ, ಕಥೆಯೊಳಗೆ ಬರುವದೇ ಇಲ್ಲ. ಜೈನಕಥೆಯ ಪ್ರಯೋಜನವು ಬೇರೆಯಾದುದರಿಂದ ಇದನ್ನು ದೋಷವೆನ್ನಲಾಗದು. ಆದರೆ ಈ ಕಥೆಯನ್ನು ಸಮಾಜವು ಕಳ್ಳನನ್ನು ಸ್ವೀಕರಿಸಿದ್ದಕ್ಕೆ ನಿದರ್ಶನವೆಂದು ಎತ್ತಿಹೇಳುವದು ತಪ್ಪು. ಅವನನ್ನು ಸ್ವೀಕರಿಸಿದ್ದು ಮೋಕ್ಷ, ಊರಲ್ಲ. ಮೃಚ್ಛಕಟಿಕದ ಶರ್ವಿಲಕನಲ್ಲಿಯೂ ಇದೇ ಬಗೆಯ ಸೌಲಭ್ಯವುಂಟು: ಕನ್ನ ಕೊರೆದವನು ಬ್ರಾಹ್ಮಣ, ಮುಂದೆ ಅರಸನಾಗುವ ಆರ್ಯಕನಿಗೆ ಆಪ್ತ. ಅಂತಹವನಿಗೆ ಉಜ್ಜಯಿನಿಯಲ್ಲಿ ಮನೆ ಸಿಕ್ಕುವದೋ ಇಲ್ಲವೋ ಎಂದು ಯಾವ ಪ್ರೇಕ್ಷಕನೂ ಚಿಂತಿಸಲಾರನು.

ಶೀರ್ಷಿಕೆಯ ಮಾತೊಂದುಂಟು. ರಿಸಿಯಾದ ಮೇಲೆಯೂ ಆ ಮಹಾತ್ಮನ ಹೆಸರು ವಿದ್ಯುಚ್ಚೋರನೆಂದೇ ಉಳಿಯಿತು. ಹನ್ನೆರಡನೆಯ ಶತಮಾನದ ಶರಣರಲ್ಲಿಯೂ ಕನ್ನದ ಮಾರಿತಂದೆಯೆಂಬ ವಚನಕಾರನಿದ್ದಾನೆ. ಕನ್ನವಿಕ್ಕುವದೇ ಅವನ ಮೊದಲಿನ ವೃತ್ತಿಯೆಂದು ಹೆಸರೇ ಹೇಳುತ್ತದೆ. ಬೆರಳೆಣಿಕೆಯಷ್ಟು ದೊರೆತ ಅವನ ವಚನಗಳಲ್ಲಿ ಕಳ್ಳತನದ ಪರಿಭಾಷೆಯೇ ಅನುಭಾವದ ಪರಿಭಾಷೆಯಾಗಿದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎಂಬಂತೆಯೇ ಕನ್ನದ ಮಾರಿತಂದೆ. ಕಾಯಕದ ಹೆಸರುಗಳ ಸಾಲಿನಲ್ಲಿ ಕಳವಿನ ಹೆಸರೂ ಸಂಕೋಚವಿಲ್ಲದೆ ಕುಳಿತಿರುವದನ್ನು ನೋಡಿ ಕೆಲವರು ಬೆರಗಾಗುವರು, ಕೆಲವರು ಮುಜುಗರಪಡುವರು. ಎರಡೂ ಬೇಕಾದುದಿಲ್ಲ. ಶರಣರ ಬಳಗದಲ್ಲಿ ಸಹಪಂಕ್ತಿಯಿತ್ತು, ದಾಸೋಹವಿತ್ತು, ಒಬ್ಬರ ಮನೆಗೆ ಒಬ್ಬರು ಬರುವದಿತ್ತು. ಸಂವಾಸ ಮೊದಲು ದೊರೆತುದರಿಂದ ಹೆಸರು ಮುದ್ರೆಯಾಗಲಿಲ್ಲ. ಬರಿಯ ಹೆಸರಾಗಿಯೇ ಉಳಿಯಿತು. ಹೆಸರನ್ನು ಬದಲಿಸಿದರೆ ಕಳಂಕ ಹೋಗುವದೆಂದು ಈಗ ವಾದಿಸುವವರು ಈ ಉದಾಹರಣೆಯನ್ನು ವಿಚಾರಿಸಬೇಕು.

ಇದಕ್ಕೆ ನೇರವಾದ ಪ್ರತ್ಯುದಾಹರಣೆಯು ಗದಗ-ಬೆಟಗೇರಿಯಲ್ಲಿದೆ. ಗಂಟಿಚೋರರೆಂಬ ಸಮುದಾಯವು ಧಾರವಾಡ, ಗದಗ, ಬೆಳಗಾವಿ, ವಿಜಾಪುರ ಪ್ರಾಂತಗಳಲ್ಲಿ ಹರಡಿಕೊಂಡಿದೆ. ಗಂಟನ್ನು ಕದಿಯುವವರೆಂಬುದೇ ಶಬ್ದಾರ್ಥ. ಇವರು, ಕೊರಮರು, ಹರಣಶಿಕಾರಿಗಳು ಮೊದಲಾದವರನ್ನು ಬ್ರಿಟಿಷ್ ಸರಕಾರವು ಅಪರಾಧೀ ಬುಡಕಟ್ಟುಗಳೆಂದು ಕರೆಯಿತು. ೧೮೭೧ರಲ್ಲಿ ಉತ್ತರಹಿಂದುಸ್ತಾನಕ್ಕೆಂದು ಆರಂಭವಾದ ಆ ಕಾಯಿದೆಯು ೧೯೧೧ರಲ್ಲಿ ಮುಂಬಯಿ ಮದರಾಸುಗಳಿಗೂ ಸಲ್ಲುವಂತಾಗಿ, ೧೯೨೪ರಲ್ಲಿ ಕ್ರೋಢೀಕೃತವಾಯಿತು. ಅದರಂತೆ ದಾಖಲಾದವನು ಗೊತ್ತಾದ ವೇಳೆಗೆ ಹಾಜರಿ ಕೊಡಬೇಕು. ತನ್ನ ವಾಸಸ್ಥಳವನ್ನೂ, ಅದನ್ನು ಬದಲಿಸುವದನ್ನೂ, ಊರು ಬಿಟ್ಟು ಹೋಗುವದನ್ನೂ ತಿಳಿಸಬೇಕು. ಸರಕಾರವು ಬೇಕೆಂದಾಗ ಅವನನ್ನು ಸೆಟ್ಲಮೆಂಟಿನಲ್ಲಿ ಇರಿಸಬಹುದು. ಮಕ್ಕಳನ್ನು ತಾಯಿತಂದೆಗಳಿಂದ ಬೇರ್ಪಡಿಸಲೂಬಹುದು. ಓ. ಎಚ್. ಬಿ. ಸ್ಟಾರ್ಟೆ ಎಂಬ ಐ. ಸಿ. ಎಸ್. ಅಧಿಕಾರಿಯು ವಿಜಾಪುರದಲ್ಲಿ ಮೊದಲು ನಡೆಸಿದ ಪ್ರಯೋಗದ ಬೆನ್ನಿಗೆ ಹುಬ್ಬಳ್ಳಿ, ಗದಗ, ಸೊಲ್ಲಾಪುರ ಮೊದಲಾದ ಕಡೆಗಳಲ್ಲಿ ಸೆಟ್ಲಮೆಂಟುಗಳಾದವು. ಗಿರಣಿ, ರೇಲ್ವೆ, ಪೇಟೆಗಳಿದ್ದ ಊರುಗಳನ್ನು ಆರಿಸಿದ್ದು ಕೂಲಿಯ ಅನುಕೂಲಕ್ಕಾಗಿ.

ಗಡಿಗಳ ವಿಚಿತ್ರವನ್ನೂ ಇಲ್ಲಿ ನೆನೆಯಬಹುದು. ಗದಗ ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ೧೯೪೮ರಲ್ಲಿ ಸಂಸ್ಥಾನಗಳು ವಿಲೀನವಾಗುವ ತನಕ ಒಂದು ದಿನದ ನಡಿಗೆಯಲ್ಲಿ ಮೂರು ರಾಜ್ಯಾಡಳಿತಗಳನ್ನು ದಾಟಬಹುದಾಗಿತ್ತು. ಬುಟ್ಟಿ ಹೆಣೆದು ಮಾರುತ್ತ ಸಂತೆಯಿಂದ ಸಂತೆಗೆ ಹೋಗುವ ಕೊರಮನಿಗೆ ವಾಸಸ್ಥಳವನ್ನು ತಿಳಿಸೆಂಬ ವಿಧಿಯು ಹೇಗೆ ಅನ್ವಯಿಸಬೇಕು? ಅವನ ವಾಸವು ಹಾದಿಯೇ. ವಿಜ್ಞಾನೇಶ್ವರನ ಅರ್ಥದಲ್ಲಿ ಅವನು ಜನ್ಮತಃ ಅಶುದ್ಧವಾಸಕನು. ಒಂದು ಕಡ್ಡಿಯನ್ನು ಕದಿಯದಿದ್ದರೂ ಶಂಕಿತನು.

ಸೆಟ್ಲಮೆಂಟಿನ ಕಲ್ಪನೆಯಲ್ಲಿ ಒಂದು ವಿಪರೀತವುಂಟು. ತಿಳಿಯದ ಸ್ಥಳದಲ್ಲಿರುವದೇ ದೋಷವಾದರೆ ತಿಳಿದ ಸ್ಥಳದಲ್ಲಿ ಇರಿಸುವದೇ ಪರಿಹಾರವೆಂದು ಸರಕಾರವು ತರ್ಕಿಸಿತು. ತರ್ಕವು ಶುದ್ಧವಾದದ್ದೇ. ಹಾಜರಿಯ ಕಾರಣದಿಂದ ಅವರಷ್ಟು ಸ್ಪಷ್ಟವಾದ ವಿಳಾಸವು ಊರಿನ ಶ್ರೀಮಂತರಿಗೂ ಇರಲಿಲ್ಲವೆನ್ನಬಹುದು. ಆದರೆ ಆ ವಿಳಾಸವೇ ಹೊಸ ಮುದ್ರೆಯಾಯಿತು. ಮುಂಬಯಿ ಪ್ರಾಂತದಲ್ಲಿ ೧೯೪೯ರಲ್ಲಿಯೂ ದೇಶದಲ್ಲೆಲ್ಲ ೧೯೫೨ರ ಆಗಸ್ಟ ೩೧ರಂದೂ ಕಾಯಿದೆಯು ರದ್ದಾಯಿತು. ಹಾಜರಿ ಹೋಯಿತು, ಸೆಟ್ಲಮೆಂಟ್ ಎಂಬ ಹೆಸರು ಬಡಾವಣೆಗೆ ಅಂಟಿ ಉಳಿಯಿತು. ಹಿಂದಿನವನಿಗೆ ಮನೆ ದೊರೆಯದಿದ್ದುದು ಎಲ್ಲಿರುವನೆಂಬದು ತಿಳಿಯದ್ದರಿಂದ. ಇವನಿಗೆ ದೊರೆಯದಿರುವದು ಎಲ್ಲಿಂದ ಬಂದನೆಂಬದು ತಿಳಿದುದರಿಂದ. ಅಪ್ರಜ್ಞಾತವಾಸಕ್ಕಿದ್ದ ದೋಷವು ಪ್ರಜ್ಞಾತವಾಸಕ್ಕೆ ವರ್ಗವಾಯಿತೆಂದು ಹೇಳಬೇಕಾಗಿದೆ. ಅದೂ ತಾನು ಮಾಡಿದ ತಪ್ಪಿಗಲ್ಲ, ಅಜ್ಜನು ಹಾಜರಿಪುಸ್ತಕದಲ್ಲಿದ್ದನೆಂಬದಕ್ಕೆ. ಪ್ರಾಯಶ್ಚಿತ್ತ ಮಾಡಿಕೊಂಡವನ ಹಣೆಗೆ ಮುದ್ರೆಯಿಲ್ಲವೆಂದ ಮನುವು, ಮುದ್ರೆಯು ಹಣೆಯಿಂದ ಬೀದಿಗೆ, ಬೀದಿಯಿಂದ ಮೊಮ್ಮಗನಿಗೆ ಇಳಿದುಬರುವ ಈ ಕ್ರಮವನ್ನು ಯೋಚಿಸಿರಲಿಕ್ಕಿಲ್ಲ.

ಈ ಸ್ಥಿತಿಯನ್ನು ಒಳಗಿನಿಂದ 
ಬರೆದ ಗ್ರಂಥಗಳು ಮರಾಠಿಯಲ್ಲಿ ಮೊದಲು ಹುಟ್ಟಿದವು. ಕೈಕಾಡಿ ಸಮುದಾಯದ ಲಕ್ಷ್ಮಣ ಮಾನೆಯವರ ‘ಉಪರಾ’ ೧೯೮೦ರದ್ದು. ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ ೧೯೮೭ರದ್ದು. ಎರಡಕ್ಕೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಬಂದಿತು. ಮೊದಲನೆಯ ಹೆಸರಿನ ಅರ್ಥ ಹೊರಗಿನವನು. ಎರಡನೆಯದು ಎತ್ತಿಕೊಂಡು ಹೋಗುವವರೆಂಬ ಜಾತಿಯ ಹೆಸರು, ಗಂಟಿಚೋರಕ್ಕೆ ತೀರ ಸಮೀಪವಾದದ್ದು. ಒಂದು ಹೆಸರು ವಾಸವನ್ನು ಹೇಳುತ್ತದೆ, ಮತ್ತೊಂದು ಪೂರ್ವಾಪರಾಧವನ್ನು ಹೇಳುತ್ತದೆ. ಯಾಜ್ಞವಲ್ಕ್ಯನು ಅಕ್ಕಪಕ್ಕ ಇರಿಸಿದ ಎರಡು ಶಬ್ದಗಳೇ ಇವು! ಲೇಖಕರಿಗೆ ಆ ಶ್ಲೋಕವು ಗೊತ್ತಿತ್ತೆಂದಲ್ಲ. ಬದುಕು ಅವರನ್ನು ಅಲ್ಲಿಗೆ ತಂದಿತು. ಈ ಗ್ರಂಥಗಳನ್ನು ಕೇವಲ ಸಮಾಜಶಾಸ್ತ್ರದ ಸಾಮಗ್ರಿಯೆಂದು ಬದಿಗಿಡುವ ಪಂಡಿತರು ತಮ್ಮ ಗ್ರಂಥಗಳನ್ನೇ ಸರಿಯಾಗಿ ಓದಿದವರಲ್ಲ. ವಿದ್ಯುಚ್ಚೋರನ ಕಥೆಯು ಹಾರಿಹೋದ ನಡುವಿನ ಸ್ಥಿತಿಯನ್ನು ಇವು ತುಂಬಿಕೊಡುತ್ತವೆ. ಊರ ಹೊರಗೆ ಬಿಡಾರ ಹೂಡುವದು, ಎಲ್ಲಿಯಾದರೂ ಕಳವಾದರೆ ಪೋಲೀಸರು ಮೊದಲು ಬರುವದು ತಮ್ಮ ಗುಡಿಸಲಿಗೇ ಎಂದು ಅರಿತಿರುವದು, ಇವೆಲ್ಲ ಅಲ್ಲಿ ಅಲಂಕಾರವಿಲ್ಲದೆ ಬಂದಿವೆ. ಕನ್ನಡದಲ್ಲಿ ಇವುಗಳಿಗೆ ಸಾಟಿಯಾದ ಆತ್ಮಕಥನವು ಬೆಟಗೇರಿಯಿಂದಲೋ ಹುಬ್ಬಳ್ಳಿಯಿಂದಲೋ ಬರಬೇಕಾಗಿದೆ.

ಇಂದಿನ ಕಾನೂನು ಸಂವಾಸದ ವಿಷಯದಲ್ಲಿ ಬಹುಮಟ್ಟಿಗೆ ಮೌನವಾಗಿದೆ. ೧೯೫೮ರ ಪ್ರೊಬೇಶನ್ ಕಾಯಿದೆಯ ೧೨ನೆಯ ಕಲಮು, ಸನ್ನಡತೆಯ ಮೇಲೆ ಬಿಡುಗಡೆ ಹೊಂದಿದವನಿಗೆ ಅಪರಾಧನಿರ್ಣಯದಿಂದ ಬರುವ ಅನರ್ಹತೆಯು ತಟ್ಟಲಾಗದೆಂದು ಹೇಳುತ್ತದೆ. ಆದರೆ ಬಾಡಿಗೆಮನೆಯು ಅರ್ಹತೆಯ ವಿಷಯವಲ್ಲ, ಒಡೆಯನ ಇಚ್ಛೆಯ ವಿಷಯ. ಸಂವಿಧಾನದ ೧೫ನೆಯ ಅನುಚ್ಛೇದವು ಅಂಗಡಿ, ಉಪಾಹಾರಗೃಹ, ಬಾವಿ, ಕೆರೆಗಳನ್ನು ಹೆಸರಿಸಿ ತೆರೆಯಿತು. ಖಾಸಗಿಯವನ ಬಾಡಿಗೆಮನೆಯು ಆ ಪಟ್ಟಿಯಲ್ಲಿಲ್ಲ. ಬ್ರಿಟನ್ನು ೧೯೭೪ರಲ್ಲಿ, ಗೊತ್ತಾದ ಅವಧಿಯು ನಿರ್ದೋಷವಾಗಿ ಕಳೆದಮೇಲೆ ಅನೇಕ ಅಪರಾಧಗಳನ್ನು ತೀರಿಹೋದವೆಂದೆಣಿಸುವ ಕಾಯಿದೆಯನ್ನು ಮಾಡಿತು. ಹೊಸ ಕೊಡದ ವಿಧಿಗೂ ಇದಕ್ಕೂ ಇರುವ ಸಾಮ್ಯವು ಸ್ಪಷ್ಟವಾಗಿದೆ. ಭೇದವೂ ಸ್ಪಷ್ಟ: ಅಲ್ಲಿ ಅವಧಿಯು ತಾನಾಗಿ ಶುದ್ಧಿ ಮಾಡುತ್ತದೆ, ಇಲ್ಲಿ ನೆರೆಹೊರೆಯವರು ಕಣ್ಣಾರೆ ಕಂಡು ನೀರನ್ನು ತರಬೇಕು. ಯಾವದು ಹೆಚ್ಚು ಫಲಕಾರಿಯೆಂಬದನ್ನು ವಿದ್ವಾಂಸರು ಚರ್ಚಿಸಬಹುದು. ಬಾಡಿಗೆಗೆ ಮನೆ ಹುಡುಕುವವನಿಗೆ ಎರಡನೆಯದೇ ಮೊದಲು ಬೇಕಾಗುತ್ತದೆ. ೨೦೨೪ರ ಅಕ್ಟೋಬರ ೩ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸೆರೆಮನೆಗಳಲ್ಲಿ ಜಾತಿಯ ಮೇಲೆ ಕೆಲಸ ಹಂಚುವದನ್ನು ರದ್ದುಪಡಿಸುತ್ತ, ವಿಮುಕ್ತ ಬುಡಕಟ್ಟುಗಳವರನ್ನು ರೂಢಿಗತ ಅಪರಾಧಿಗಳೆಂದು ಜನ್ಮದಿಂದ ಎಣಿಸುವ ಪದ್ಧತಿಯನ್ನೂ ಖಂಡಿಸಿತು. ಸೆರೆಮನೆಯ ಒಳಗೆ ಹೀಗೆ ಒಂದು ಗೋಡೆ ಬಿದ್ದಿತು. ಹೊರಗಿನ ಗೋಡೆಯ ಮಾತು ಅಲ್ಲಿ ವಿಚಾರಕ್ಕೆ ಬಂದಿರಲಿಲ್ಲ.

ಗಂಟಿಚೋರರ ಹೆಸರು ಕರ್ನಾಟಕದ ಪರಿಶಿಷ್ಟಜಾತಿಗಳ ಪಟ್ಟಿಯಲ್ಲಿ ಅದೇ ರೂಪದಲ್ಲಿ ಸೇರಿದೆ. ಅದು ಸೇರಿದ್ದರಿಂದ ವಿದ್ಯಾರ್ಥಿವೇತನ, ವಸತಿಗೃಹ, ನೌಕರಿಗಳ ಬಾಗಿಲುಗಳು ತೆರೆದುವೆಂಬದು ನಿಜ. ಅವುಗಳನ್ನು ಪಡೆಯಲಿಕ್ಕೆ ಚೋರನೆಂಬ ಶಬ್ದವಿರುವ ಪತ್ರವನ್ನು ತೋರಿಸಬೇಕೆಂಬದೂ ನಿಜ. ಬೆಟಗೇರಿಯ ಶಾಲೆಯೊಂದರಲ್ಲಿ ಕನ್ನಡದ ಉಪಾಧ್ಯಾಯನು ವಿದ್ಯುಚ್ಚೋರನೆಂಬ ರಿಸಿಯ ಕಥೆಯನ್ನು ಪಾಠಹೇಳಲು ನಿಂತಾಗ, ಸಮಾಸವನ್ನು ಬಿಡಿಸಿ ಎರಡನೆಯ ಪದದ ಅರ್ಥವನ್ನು ಹಲಗೆಯ ಮೇಲೆ ಬರೆಯದೆ ಮುಂದೆ ಹೋಗಲಾರನು. ಆಗ ಎದುರಿಗಿನ ಬಾಂಕಿನಲ್ಲಿ ಆ ಪ್ರಮಾಣಪತ್ರವುಳ್ಳ ಹುಡುಗನೊಬ್ಬನು ಕುಳಿತಿರಬಹುದು. ಅವನಿಗೆ ರಿಸಿಯ ಮಾತಿಗಿಂತ ಮೊದಲು ಹೊಸ ಕೊಡದ ಮಾತನ್ನು ಹೇಳಬೇಕೋ, ಕನ್ನದ ಮಾರಿತಂದೆಯ ಮಾತನ್ನು ಹೇಳಬೇಕೋ ಎಂಬದನ್ನು ಪಾಠಪಟ್ಟಿಯನ್ನು ಗೊತ್ತುಮಾಡುವವರು ಇನ್ನೂ ವಿಚಾರಿಸಿದಂತಿಲ್ಲ.